ಸಮವಸ್ತ್ರ: ಸಮಾನತೆಯ ಉಡುಪೋ, ಅಂತಸ್ತಿನ ಪ್ರದರ್ಶನವೋ?

ಎಪ್ರಿಲ್ ತಿಂಗಳ ಒಂದು ಸಂಜೆ ಮದ್ರಸದ ತರಗತಿ ಮುಗಿಸಿ ಹೊರಬರುವಾಗ ಮಹಿಳೆಯೊಬ್ಬರು ಬಾಗಿಲ ಬಳಿ ಕಾದು ನಿಂತಿದ್ದರು. ಕೈಯಲ್ಲಿ ಮಕ್ಕಳ ಶಾಲೆಯಿಂದ ಬಂದ ಸುತ್ತೋಲೆ. "ಉಸ್ತಾದರೇ, ಇದರಲ್ಲಿ ಏನು ಬರೆದಿದ್ದಾರೆಂದು ಸ್ವಲ್ಪ ಓದಿ ಹೇಳಿ" ಎಂದರು. ಇಂಗ್ಲಿಷಿನಲ್ಲಿದ್ದ ಆ ಪತ್ರದ ಸಾರಾಂಶ ಇಷ್ಟು: ಜೂನ್‌ನಿಂದ ಸಮವಸ್ತ್ರ ಬದಲಾಗಲಿದೆ. ಹೊಸ ಬಣ್ಣದ ಎರಡು ಜೊತೆ ಉಡುಪು, ಮೇಲೆ ತೊಡಲು ಕೋಟು, ಟೈ, ಬೆಲ್ಟು, ಆಟದ ದಿನಕ್ಕೆ ಬೇರೆ ಟೀಶರ್ಟು, ಹೆಣ್ಣುಮಕ್ಕಳಿಗೆ ಶಾಲೆಯ ಲಾಂಛನವಿರುವ ಶಿರವಸ್ತ್ರ. ಇವೆಲ್ಲವನ್ನೂ ಶಾಲೆ ಸೂಚಿಸಿದ ಒಂದೇ ಅಂಗಡಿಯಿಂದ ಖರೀದಿಸತಕ್ಕದ್ದು.

ಆಕೆ ಬೀಡಿ ಕಟ್ಟಿ ಸಂಸಾರ ಸಾಗಿಸುವವರು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ ಎಣಿಸುವ ಆ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದಾರೆ. ಈಗಿರುವ ಸಮವಸ್ತ್ರ ಜಾರಿಗೆ ಬಂದು ಮೂರು ವರ್ಷವೂ ಆಗಿಲ್ಲ. "ದೊಡ್ಡವಳದ್ದನ್ನು ಚಿಕ್ಕವಳ ಅಳತೆಗೆ ಸರಿಮಾಡಿಸಿ ಇಟ್ಟಿದ್ದೆ ಉಸ್ತಾದರೇ. ಇನ್ನು ಅದು ನೆಲ ಒರೆಸಲಿಕ್ಕೆ" ಎಂದು ನಕ್ಕರು. ಆ ನಗುವಿನ ಮುಂದೆ ನನಗೆ ಮಾತು ಹೊರಡಲಿಲ್ಲ.

ಆ ಶಾಲೆಯ ಬಗ್ಗೆ ನನಗೆ ದ್ವೇಷವಿಲ್ಲ. ಅದು ನಮ್ಮ ಸಮುದಾಯದವರೇ ಕಟ್ಟಿದ ಸಂಸ್ಥೆ. ಗಲ್ಫ್‌ನ ಬಿಸಿಲಲ್ಲಿ ಬೆವರು ಸುರಿಸಿದವರ ಸಂಪಾದನೆಯೂ ಜುಮುಆ ನಮಾಝಿನ ಬಳಿಕ ಸಂಗ್ರಹಿಸಿದ ಚಿಲ್ಲರೆಯೂ ಅದರ ಗೋಡೆಗಳಲ್ಲಿ ಬೆರೆತಿವೆ. ಆದ್ದರಿಂದಲೇ ಈ ನಿರ್ಧಾರವನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಪ್ರಶ್ನಿಸಬೇಕಾದ ಹೊಣೆಯೂ ಇದೆ.

ಸಮವಸ್ತ್ರ ಯಾಕೆ ಬೇಕು? ಧನಿಕನ ಮಗು ಮತ್ತು ಕೂಲಿಯವನ ಮಗು ಒಂದೇ ಬೆಂಚಿನಲ್ಲಿ ಕುಳಿತಾಗ ಯಾರು ಯಾರೆಂದು ತಿಳಿಯಬಾರದು ಎಂಬುದಕ್ಕೆ. ಇದು ನಮಗೆ ಹೊಸ ಪಾಠವೇನಲ್ಲ. ಹಜ್ಜ್ ಯಾತ್ರಿಕನು ಧರಿಸುವ ಇಹ್ರಾಮ್ ಹೊಲಿಗೆಯಿಲ್ಲದ ಎರಡು ತುಂಡು ಬಟ್ಟೆ ಮಾತ್ರ. ಅರಸನೂ ಆಳೂ ಅದನ್ನುಟ್ಟು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ಬಟ್ಟೆ ಎಲ್ಲರ ಕೈಗೆಟಕುವಷ್ಟು ಸರಳವಾಗಿರುವುದರಿಂದಲೇ ಅದು ಎಲ್ಲರನ್ನೂ ಸಮಾನರನ್ನಾಗಿಸುತ್ತದೆ. ಬಡವನ ಕೈಗೆಟಕದ ಸಮವಸ್ತ್ರವು ಹೆಸರಿಗೆ ಮಾತ್ರ ಸಮವಸ್ತ್ರ. ಹೊಸದನ್ನು ಕೊಳ್ಳಲಾಗದೆ ಹಳೆಯ ಬಣ್ಣದಲ್ಲಿ ಬಂದ ಮಗುವನ್ನು ಅಸೆಂಬ್ಲಿಯ ಸಾಲಿನಿಂದ ಹೊರಗೆ ನಿಲ್ಲಿಸಿದ ದಿನ, ಬಡತನವನ್ನು ಮರೆಮಾಡಬೇಕಿದ್ದ ಬಟ್ಟೆಯೇ ಅದನ್ನು ಊರಿಗೆಲ್ಲ ಸಾರಿದಂತಾಗುತ್ತದೆ.

2022ರಲ್ಲಿ ಶಿರವಸ್ತ್ರದ ವಿವಾದ ಎದ್ದಾಗ ನಮ್ಮ ಹೆಣ್ಣುಮಕ್ಕಳು ತರಗತಿಯ ಬಾಗಿಲಲ್ಲಿ ನಿಂತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ತಲೆಯ ಮೇಲಿನ ಒಂದು ಮೊಳ ಬಟ್ಟೆಗಾಗಿ ಅಷ್ಟು ನೊಂದ ಸಮುದಾಯ, ಅದೇ ಬಟ್ಟೆಗೆ ಲಾಂಛನ ಹಚ್ಚಿ ದುಬಾರಿ ಬೆಲೆಗೆ ಮಾರುವುದು ಸರಿಯೇ?

ಆಡಳಿತ ಮಂಡಳಿಯವರು ಹೇಳುವ ಕಾರಣಗಳನ್ನು ಬಲ್ಲೆ. ಶಾಲೆಗೆ ಒಂದು ಘನತೆ ಬೇಕು, ಪಕ್ಕದ ಇಂಗ್ಲಿಷ್ ಮಾಧ್ಯಮ ಶಾಲೆಯ ಮಕ್ಕಳು ಕೋಟು ಧರಿಸುತ್ತಾರೆ ಎನ್ನುತ್ತಾರೆ. ಕರಾವಳಿಯ ಸೆಕೆಯಲ್ಲಿ ಕೋಟು! ಜೂನ್‌ನಿಂದ ಆಗಸ್ಟ್‌ವರೆಗೆ ಒಗೆದ ಅಂಗಿಯೇ ಎರಡು ದಿನವಾದರೂ ಒಣಗದೆ ತಾಯಂದಿರು ಒಲೆಯ ಮೇಲೆ ಹರಡುವ ನಾಡಿದು. ಘನತೆ ಬಟ್ಟೆಯಿಂದ ಬರುವುದಾದರೆ, ಸಾಮ್ರಾಜ್ಯವನ್ನಾಳುವಾಗಲೂ ತೇಪೆ ಹಚ್ಚಿದ ಉಡುಪು ಧರಿಸಿದ ಖಲೀಫಾ ಉಮರ್(ರ)ರಿಗೆ ಎಲ್ಲಿಂದ ಬಂತು? ಉಡುಪುಗಳಲ್ಲಿ ಉತ್ತಮವಾದುದು ಧರ್ಮನಿಷ್ಠೆಯ ಉಡುಪೆಂದು ಪವಿತ್ರ ಕುರ್‌ಆನ್ (7:26) ಬೋಧಿಸುತ್ತದೆ. ಅದೇ ಅಧ್ಯಾಯ (7:31) ಚೆನ್ನಾಗಿ ಉಡುವುದನ್ನು ನಿಷೇಧಿಸುವುದಿಲ್ಲ, ದುಂದುವೆಚ್ಚವನ್ನು ನಿಷೇಧಿಸುತ್ತದೆ. ಇನ್ನೂ ಗಟ್ಟಿಯಾಗಿರುವ ಬಟ್ಟೆಯನ್ನು ಬಣ್ಣ ಹಿಡಿಸಲಿಲ್ಲವೆಂದು ಮೂಲೆಗೆ ಎಸೆಯುವಂತೆ ಮಾಡುವುದು ದುಂದಲ್ಲದೆ ಮತ್ತೇನು?

ಕಷ್ಟವಿರುವವರು ಅರ್ಜಿ ಕೊಡಲಿ, ಸಹಾಯ ಮಾಡೋಣ ಎಂಬ ಮಾತೂ ಇದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಸ್ವಾಭಿಮಾನದಿಂದಾಗಿ ಕೈಚಾಚದ, ಅರಿಯದವರು ಸಿರಿವಂತರೆಂದೇ ಭಾವಿಸುವ ಬಡವರ ಬಗ್ಗೆ ಕುರ್‌ಆನ್ (2:273) ಎಚ್ಚರಿಸಿದೆ. ಆ ತಾಯಿ ಎಂದೂ ಅರ್ಜಿ ಬರೆಯಲಾರರು, ಸಾಲ ಮಾಡುತ್ತಾರೆ. ನಿನ್ನೆಯವರೆಗೆ ತನ್ನ ದುಡಿಮೆಯಲ್ಲೇ ಮಕ್ಕಳನ್ನು ಓದಿಸುತ್ತಿದ್ದವರನ್ನು ಒಂದು ಸುತ್ತೋಲೆಯ ಮೂಲಕ ಯಾಚಕರನ್ನಾಗಿ ಮಾಡಿ, ಬಳಿಕ ನೆರವು ನೀಡುವುದು ಔದಾರ್ಯವಲ್ಲ.

ಒಂದೇ ಅಂಗಡಿಯ ನಿರ್ಬಂಧ ಯಾಕೆ? ಬಟ್ಟೆಯ ಮಾದರಿಯನ್ನು ಪ್ರಕಟಿಸಿದರೆ ಪೇಟೆಯಲ್ಲಿ ಯಾರೂ ಕೊಳ್ಳಬಹುದು, ನೆರೆಮನೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡ ವಿಧವೆಗೂ ನಾಲ್ಕು ಕಾಸು ಸಿಗುತ್ತದೆ. ಶಾಲೆಗೆ ಹಣದ ಅಗತ್ಯವಿದ್ದರೆ ಬಹಿರಂಗವಾಗಿ ಕೇಳಲಿ. ಈ ಸಮುದಾಯ ಎಂದೂ ಇಲ್ಲವೆಂದಿಲ್ಲ.

ಕಾನೂನು ಕೂಡ ಪೋಷಕರ ಪರವಾಗಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ 1995ರಲ್ಲಿ ರೂಪಿಸಲಾದ ನಿಯಮಾವಳಿಯ 11ನೇ ನಿಯಮದಂತೆ, ಮಾನ್ಯತೆ ಪಡೆದ ಶಾಲೆಯು ಒಮ್ಮೆ ನಿಗದಿಪಡಿಸಿದ ಸಮವಸ್ತ್ರವನ್ನು ಮುಂದಿನ 5 ವರ್ಷ ಬದಲಿಸುವಂತಿಲ್ಲ. ಬದಲಿಸುವುದಿದ್ದರೆ ಕನಿಷ್ಠ 1 ವರ್ಷ ಮುಂಚಿತವಾಗಿ ಪೋಷಕರಿಗೆ ತಿಳಿಸಬೇಕು. ಮೂರು ವರ್ಷ ತುಂಬುವ ಮೊದಲೇ, ಎಪ್ರಿಲ್‌ನಲ್ಲಿ ತಿಳಿಸಿ ಜೂನ್‌ನಲ್ಲಿ ಜಾರಿಗೊಳಿಸುವುದು ಈ ಎರಡೂ ಷರತ್ತುಗಳ ಉಲ್ಲಂಘನೆ. ದೇಶದ ಕಾನೂನನ್ನು ಪಾಲಿಸಬೇಕೆಂದು ಮಕ್ಕಳಿಗೆ ಕಲಿಸುವವರು ಮೊದಲು ತಾವು ಪಾಲಿಸಬೇಡವೇ?

ಪೋಷಕರೇ, ಗೇಟಿನ ಬಳಿ ಗೊಣಗಿ ಮನೆಗೆ ಮರಳಬೇಡಿ. ಒಟ್ಟಾಗಿ ಒಂದು ಪತ್ರ ಬರೆಯಿರಿ. ಉಳ್ಳವರು ಮೊದಲು ಸಹಿ ಹಾಕಿರಿ. ಆಗ ಇಲ್ಲದವರಿಗೆ ಸಹಿ ಹಾಕಲು ಸಂಕೋಚವಾಗದು. ಆಡಳಿತ ಮಂಡಳಿಯ ಸಹೋದರರೇ, ಸುತ್ತೋಲೆಯನ್ನು ಹಿಂಪಡೆಯುವುದರಲ್ಲಿ ಅವಮಾನವಿಲ್ಲ. ಜನರ ಹೊಣೆ ಹೊತ್ತು ಅವರನ್ನು ಕಷ್ಟಕ್ಕೆ ದೂಡಿದವನನ್ನು ಕಷ್ಟಕ್ಕೆ ಗುರಿಪಡಿಸೆಂದೂ, ಮೃದುವಾಗಿ ನಡೆದುಕೊಂಡವನೊಡನೆ ಮೃದುವಾಗಿರೆಂದೂ ಪ್ರವಾದಿವರ್ಯರು(ಸ) ಅಲ್ಲಾಹನಲ್ಲಿ ಪ್ರಾರ್ಥಿಸಿದ್ದರು. ಆ ಪ್ರಾರ್ಥನೆಯ ಯಾವ ಭಾಗ ನಮ್ಮ ಪಾಲಿಗೆ ಬರಬೇಕೆಂಬುದನ್ನು ನಾವೇ ನಿರ್ಧರಿಸೋಣ.