ಬಾಡಿಗೆ ಲಾರಿಯೂ ಬಡವನ ರಸೀದಿಯೂ

ಚಿತ್ರದುರ್ಗ, ಚಳ್ಳಕೆರೆಗಳ ಕಡೆಯಿಂದ ಈರುಳ್ಳಿ ಹೇರಿಕೊಂಡ ಲಾರಿಗಳು ತುಮಕೂರು ರಸ್ತೆಯಲ್ಲಿ ರಾತ್ರಿಯೆಲ್ಲ ಉರುಳಿ ಯಶವಂತಪುರದ ಮಾರುಕಟ್ಟೆ ಯಾರ್ಡಿಗೆ ಬಂದು ನಿಲ್ಲುತ್ತವೆ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ನೆಯ್ದ ಸೀರೆಯ ಗಂಟುಗಳು ಯಲಹಂಕ, ಹೆಬ್ಬಾಳಗಳನ್ನು ದಾಟಿ ಪೇಟೆ ಸೇರುತ್ತವೆ. ದಾರಿಯಲ್ಲಿ ಮಾಲು ಕೆಟ್ಟರೆ, ಕಳೆದರೆ, ನಷ್ಟ ಯಾರದು? ಈ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟಿದೆ. ಆ ಉತ್ತರ ರೈತನ ಕಿವಿಗೂ ನೇಕಾರನ ಕಿವಿಗೂ ಸರಿಯಾಗಿ ಬಿದ್ದಿಲ್ಲವೆಂಬುದೇ ನಮ್ಮ ದೂರು.

ಬ್ರಿಟಿಷರು 1865ರಲ್ಲಿ, ಲಾರಿಯೇ ಇಲ್ಲದ ಕಾಲದಲ್ಲಿ ಮಾಡಿದ ಸಾಗಣೆದಾರರ ಕಾಯಿದೆಯೇ ಸ್ವಾತಂತ್ರ್ಯ ಬಂದು ಆರು ದಶಕ ಕಳೆದರೂ ನಮ್ಮನ್ನು ಆಳಿತು. 2007ರಲ್ಲಿ ಪಾರ್ಲಿಮೆಂಟು ರಸ್ತೆ ಸಾಗಣೆಗೆ ಹೊಸ ಕಾಯಿದೆ ಮಾಡಿತು. ಅದು ಜಾರಿಗೆ ಬಂದದ್ದು 2011ರ ಮಾರ್ಚ್ ತಿಂಗಳಲ್ಲಿ. ಅದರ ಪ್ರಕಾರ ಎಲ್ಲರ ಸರಕನ್ನೂ ಬಾಡಿಗೆಗೆ ಸಾಗಿಸುವುದನ್ನು ಕಸುಬಾಗಿಸಿಕೊಂಡವನು, ಬುಕಿಂಗ್ ಕಂಪನಿಯಾಗಲಿ, ಏಜೆಂಟನಾಗಲಿ, ದಲ್ಲಾಳಿಯಾಗಲಿ, ನೋಂದಣಿ ಮಾಡಿಸಲೇಬೇಕು. ಮಾಲಿಗೆ ರಸೀದಿ ಕೊಡಲೇಬೇಕು. ಮಾಲು ಹಾಳಾದರೆ ಅದು ಸಾಗಣೆದಾರನ ಅಲಕ್ಷ್ಯದಿಂದಲೇ ಆಯಿತೆಂದು ದಾವೆ ಹೂಡಿದವನು ರುಜುವಾತು ಮಾಡಬೇಕಾದ್ದಿಲ್ಲ. ದಾವೆಗೆ ಮುನ್ನ, ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ, ಲಿಖಿತ ನೋಟೀಸು ಕೊಟ್ಟಿರಬೇಕು.

ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಒಳಗೊಂದು ಮುಳ್ಳಿದೆ. ಹೆಚ್ಚಿನ ಬೆಲೆಯನ್ನು ಮೊದಲೇ ಬರೆಸಿ ಅದಕ್ಕೆ ಹೆಚ್ಚಿನ ದರ ಒಪ್ಪಿಕೊಂಡಿರದಿದ್ದರೆ, ನಿಯಮದಂತೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಗಂಟಿಗೆ 200 ರೂಪಾಯಿ ಬಾಡಿಗೆ ಎನ್ನಿ; ಒಳಗೆ 40,000 ರೂಪಾಯಿಯ ಸೀರೆಯಿದ್ದರೂ ದಕ್ಕುವುದು 2,000. ಇದನ್ನು ಬುಕಿಂಗ್ ಆಫೀಸಿನ ಮೇಜಿನ ಮುಂದೆ ನಿಂತ ನೇಕಾರನಿಗೆ ತಿಳಿಯುವಂತೆ ಹೇಳುವವರು ಯಾರು? ಈರುಳ್ಳಿಯವನ ಕಷ್ಟ ಬೇರೆ. ಇಡೀ ಲೋಡಿನ ಬಾಡಿಗೆ ದೊಡ್ಡದಾದ್ದರಿಂದ ಅವನಿಗೆ ಹತ್ತು ಪಟ್ಟು ಸಾಕಾದೀತು. ಆದರೆ ಬಾಯಿಮಾತಿನ ಮೇಲೆ ಮಾಲು ಹೇರಿಸಿ ರಸೀದಿಯನ್ನೇ ಪಡೆಯದವನು ಏನನ್ನು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಬೇಕು?

ಇನ್ನು ಲಾರಿ ಓಡಿಸುವವನ ಪಾಡು. 2019ರ ಮೋಟಾರು ವಾಹನ ತಿದ್ದುಪಡಿಯು ಮಿತಿಮೀರಿದ ಹೇರಿಗೆ 20,000 ರೂಪಾಯಿ ದಂಡವನ್ನೂ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ಗೊತ್ತುಮಾಡಿತು. ಓಡಿಸಿದವನಂತೆ ಓಡಿಸಗೊಟ್ಟವನೂ ತಪ್ಪಿತಸ್ಥನೆಂದು ಅದೇ ಕಲಮು ಹೇಳುತ್ತದೆ. ಆದರೆ ರಸ್ತೆಯಲ್ಲಿ ಕೈಗೆ ಸಿಗುವವನು ಡ್ರೈವರು. ಹೇರಿಸಿದವನು ಗಾದಿಯ ಮೇಲೆ ಕುಳಿತಿರುತ್ತಾನೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8, ವಾರಕ್ಕೆ 48 ಗಂಟೆಯ ದುಡಿಮೆ ಎಂದು ಬರೆದಿತ್ತು. ಐವರಿಗಿಂತ ಕಡಿಮೆ ಜನ ದುಡಿಯುವ ಕಡೆಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೆರಡು ಲಾರಿಗಳ ಮಾಲೀಕನ ಬಳಿ ದುಡಿದವನು ಅಂದೇ ಹೊರಗುಳಿದ.

ಲಾರಿ ಮಾಲೀಕರೆಲ್ಲ ಸುಲಿಗೆಗಾರರೆಂದು ನಾವು ಹೇಳುವುದಿಲ್ಲ. ಸಾಲ ಮಾಡಿ ಒಂದೇ ಲಾರಿ ಕೊಂಡು ತಾನೇ ಓಡಿಸುವವನೂ ದುಡಿಮೆಗಾರನೇ. ರೈತ, ನೇಕಾರ, ಡ್ರೈವರು ಒಬ್ಬರನ್ನೊಬ್ಬರು ದೂರುತ್ತ ಕುಳಿತರೆ ನಡುವಿನವನಿಗೆ ಲಾಭ.

1951ರ ಕಾಗೋಡು ಸತ್ಯಾಗ್ರಹಕ್ಕೆ ಕಿಡಿಯಾದದ್ದು ಗೇಣಿ ಅಳೆಯುವ ಕೊಳಗ. ಅಂದು ಅಳತೆಯ ಪ್ರಶ್ನೆ. ಇಂದು ರಸೀದಿಯ ಪ್ರಶ್ನೆ. ಎರಡೂ ಲೆಕ್ಕ ಕೇಳುವ ಹಕ್ಕಿನ ಪ್ರಶ್ನೆಗಳೇ.

ಸರ್ಕಾರವನ್ನು ನಾವು ಕೇಳುವುದು ಮೂರು ಮಾತು. ಯಾರ್ಡಿನ ಬಾಗಿಲಲ್ಲಿ ನೋಂದಾಯಿತ ಸಾಗಣೆದಾರರ ಪಟ್ಟಿ ತೂಗುಹಾಕಿ. ರಸೀದಿ ಕನ್ನಡದಲ್ಲಿರಲಿ, ಹತ್ತು ಪಟ್ಟಿನ ಮಿತಿಯೂ ಹೆಚ್ಚಿನ ದರವೂ ಅದರಲ್ಲಿ ದಪ್ಪಕ್ಷರದಲ್ಲಿರಲಿ. ಹೆಚ್ಚು ಹೇರಿದ ಲಾರಿಯನ್ನು ಹಿಡಿದಾಗ ಹೇರಿಸಿದವನ ಮೇಲೂ ಕೇಸು ಹಾಕಿ.

ಓದುಗ ಬಂಧುಗಳಲ್ಲಿ ಒಂದೇ ವಿನಂತಿ: ರಸೀದಿ ಕೈಗೆ ಬಾರದೆ ಮಾಲು ಲಾರಿ ಹತ್ತದಿರಲಿ.