ಹಡಗಿಗೊಂದು ನ್ಯಾಯ, ಕಬ್ಬಿಗೊಂದು ನ್ಯಾಯ

2018ರ ಮಾರ್ಚ್ ಮೊದಲ ವಾರ. ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪರಾಷ್ಟ್ರ ಮಾಲ್ಟಾದಲ್ಲಿ ನ್ಯಾಯಾಲಯದ ಆದೇಶದ ಮೇರೆಗೆ ಒಂದು ವಿಲಾಸಿ ನೌಕೆಯನ್ನು ಬಂದರು ಬಿಡದಂತೆ ತಡೆಹಿಡಿಯಲಾಯಿತು. ಹೆಸರು ‘ಇಂಡಿಯನ್ ಎಂಪ್ರೆಸ್’. ಉದ್ದ 95 ಮೀಟರ್, ಅಂದರೆ ಕನ್ನಂಬಾಡಿ (ಕೆಆರ್‌ಎಸ್) ಕಟ್ಟೆಯ ಎತ್ತರದ ಎರಡು ಪಟ್ಟಿಗೂ ಹೆಚ್ಚು. ನೆದರ್ಲೆಂಡ್ಸ್‌ನ ಓಷಿಯಾನ್ಕೊ ಕಂಪನಿ 2000ದಲ್ಲಿ ಕಟ್ಟಿದ ಈ ಯಾಟ್ ಅನ್ನು 2006ರಲ್ಲಿ ಕೊಂಡವರು ವಿಜಯ್ ಮಲ್ಯ. ಮದ್ಯದ ಉದ್ಯಮಿ, ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಮಾಲೀಕ, ಕರ್ನಾಟಕದಿಂದ ಎರಡು ಬಾರಿ ರಾಜ್ಯಸಭೆಗೆ ಆಯ್ಕೆಯಾದವರು. 9,000 ಕೋಟಿ ರೂಪಾಯಿ ಮೀರಿದ ಸಾಲದ ಬಾಕಿಗಾಗಿ ಭಾರತದ ಬ್ಯಾಂಕುಗಳು ಅವರ ಬೆನ್ನು ಹತ್ತಿದ್ದ ಕಾಲ ಅದು. ಆದರೆ ಮಾಲ್ಟಾದಲ್ಲಿ ಹಡಗನ್ನು ಕಟ್ಟಿಹಾಕಿಸಿದ್ದು ಬ್ಯಾಂಕುಗಳಲ್ಲ. ತಿಂಗಳುಗಟ್ಟಲೆ ಸಂಬಳ ಕಾಣದ ಅದರ ನಾವಿಕರು, ಅಡುಗೆಯವರು, ಯಂತ್ರ ನೋಡಿಕೊಳ್ಳುವವರು. ನಲವತ್ತಕ್ಕೂ ಹೆಚ್ಚಿದ್ದ ಆ ಸಿಬ್ಬಂದಿಯಲ್ಲಿ ಭಾರತೀಯರೂ ಇದ್ದರು.

ಅವರಿಗೆ ಬರಬೇಕಿದ್ದ ಸಂಬಳ ಸುಮಾರು ಹತ್ತು ಲಕ್ಷ ಡಾಲರ್. ನಾಟಿಲಸ್ ಇಂಟರ್‌ನ್ಯಾಷನಲ್ ಎಂಬ ನಾವಿಕರ ಸಂಘ ಅವರ ಪರ ನಿಂತಿತು. ಹಡಗಿನ ವಿಮೆಯಿಂದಲೇ ಆರು ಲಕ್ಷ ಡಾಲರ್‌ಗೂ ಹೆಚ್ಚು ಮೊದಲು ವಸೂಲಾಯಿತು. ಉಳಿದದ್ದಕ್ಕೆ ಹಡಗನ್ನೇ ಹರಾಜಿಗಿಟ್ಟರು. ಜೂನ್‌ನಲ್ಲಿ 4.35 ಕೋಟಿ ಯೂರೊಗೆ ಕೂಗಿದವರು ಹಣ ಕಟ್ಟಲಿಲ್ಲ. ಸೆಪ್ಟೆಂಬರ್‌ನಲ್ಲಿ 3.5 ಕೋಟಿ ಯೂರೊಗೆ ಅದು ಬೇರೊಬ್ಬರ ಪಾಲಾಯಿತು. ಮಾಲೀಕ ಲಂಡನ್‌ನಲ್ಲಿ, ಸಾಲ ಕೊಟ್ಟ ಬ್ಯಾಂಕುಗಳು ಬೆಂಗಳೂರು-ಮುಂಬೈಯಲ್ಲಿ, ಹಡಗಿನ ಒಡೆತನ ಯಾವುದೋ ಕಂಪನಿಯ ಹೆಸರಿನಲ್ಲಿ. ಇಷ್ಟೆಲ್ಲ ಗೋಜಲಿನ ನಡುವೆಯೂ ಡೆಕ್ ಒರೆಸಿದವನ ಕೂಲಿ ಸರದಿಯ ಮುಂಭಾಗದಲ್ಲೇ ಇತ್ತು.

ಅದೇ ಮಾಲೀಕನ ನೆರಳಿನಲ್ಲಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ ನೌಕರರಿಗೆ ಈ ಭಾಗ್ಯ ಇರಲಿಲ್ಲ. ವಿಮಾನಗಳು 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿದವು. ಕಂಪನಿಯನ್ನು ಮುಚ್ಚಲು ಕರ್ನಾಟಕ ಹೈಕೋರ್ಟ್ ಆದೇಶಿಸಿದ್ದು 2016ರ ನವೆಂಬರ್‌ನಲ್ಲಿ. ಸಂಬಳದ ಬಾಕಿಗೆ ಆ ನೌಕರರು ವರ್ಷಗಟ್ಟಲೆ ಕಾದರು. ಒಬ್ಬನೇ ಮಾಲೀಕನ ಎರಡು ವಾಹನಗಳು, ಒಂದು ನೀರಿನ ಮೇಲೆ, ಇನ್ನೊಂದು ಗಾಳಿಯಲ್ಲಿ. ಎರಡರಲ್ಲೂ ದುಡಿದವರ ಬೆವರು ಒಂದೇ. ಕಾನೂನು ಮಾತ್ರ ಬೇರೆ.

ಯಾಟ್ ಎಂದರೇನು, ಅದರ ವ್ಯವಹಾರ ಹೇಗೆ ಎಂಬುದನ್ನು ತುಸು ನೋಡಬೇಕು. ಇಂಥ ಹಡಗನ್ನು ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ. ಕೊಂಡ ಬೆಲೆಯ ಹತ್ತನೇ ಒಂದು ಭಾಗ ಪ್ರತಿವರ್ಷ ನಿರ್ವಹಣೆಗೇ ಬೇಕು ಎಂಬುದು ಆ ವೃತ್ತಿಯವರ ಅಂದಾಜು: ಸಂಬಳ, ಇಂಧನ, ವಿಮೆ, ಬಂದರು ಬಾಡಿಗೆ, ದುರಸ್ತಿ. ಆ ಭಾರ ತಗ್ಗಿಸಲು ಅನೇಕ ಮಾಲೀಕರು ವರ್ಷದ ಕೆಲವು ವಾರ ಹಡಗನ್ನು ಬಾಡಿಗೆಗೆ ಬಿಡುತ್ತಾರೆ. ಬಾಡಿಗೆ ವಾರದ ಲೆಕ್ಕದಲ್ಲಿ. ದೊಡ್ಡ ಯಾಟ್‌ಗಳದ್ದು ಲಕ್ಷಾಂತರ ಯೂರೊ. ಅದು ಹಡಗಿಗೆ ಮತ್ತು ಸಿಬ್ಬಂದಿಗೆ ಮಾತ್ರ. ಇಂಧನ, ಊಟ, ಪಾನೀಯ, ಬಂದರು ಶುಲ್ಕಕ್ಕೆಂದು ಬಾಡಿಗೆಯ ಶೇ 30–35ರಷ್ಟನ್ನು ಪ್ರತ್ಯೇಕ ಮುಂಗಡವಾಗಿ ಇಡಬೇಕು. ಇದೆಲ್ಲವೂ ಗಿರಾಕಿ ಹಡಗು ಹತ್ತುವ ಮೊದಲೇ ಸಂದಾಯವಾಗಬೇಕು. ಹಣ ಬಂದ ಮೇಲೆ ಸುಖ, ಸುಖವಾದ ಮೇಲೆ ಹಣವಲ್ಲ. ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರನಿಗೆ ಈ ಕ್ರಮ ಅಪರಿಚಿತ.

ಅದೇ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ ಮಲ್ಯರ ಹೆಸರು ಇನ್ನೊಂದು ದಾರಿಯಲ್ಲಿ ಪರಿಚಯ. 1799ರ ಮೇ 4ರಂದು ಕೋಟೆ ಬಿದ್ದ ಬಳಿಕ ಟಿಪ್ಪುವಿನ ಖಜಾನೆಯನ್ನು ಇಂಗ್ಲಿಷರು ಸುಮ್ಮನೆ ದೋಚಿಕೊಂಡು ಹೋಗಲಿಲ್ಲ. ಅದಕ್ಕೆಂದೇ ನೇಮಿಸಿದವರು ಲೂಟಿಯನ್ನು ಪಟ್ಟಿ ಮಾಡಿ, ಬೆಲೆ ಕಟ್ಟಿ, ದರ್ಜೆಗೆ ತಕ್ಕಂತೆ ಹಂಚಿದರು. ಸೇನಾಪತಿ ಹ್ಯಾರಿಸ್‌ಗೆ ಲಕ್ಷ ಪೌಂಡು ಮೀರಿದ ಪಾಲು, ಸಿಪಾಯಿಗೆ ಕೈಬೆರಳಲ್ಲಿ ಎಣಿಸುವಷ್ಟು. ಆ ಲೂಟಿಯಲ್ಲಿ ಹೋದದ್ದೆನ್ನಲಾದ ಟಿಪ್ಪುವಿನ ಖಡ್ಗವೊಂದನ್ನು 2003ರಲ್ಲಿ ಲಂಡನ್ ಹರಾಜಿನಲ್ಲಿ ಮಲ್ಯ ಕೊಂಡರು, ಬೆಲೆ 1.75 ಲಕ್ಷ ಪೌಂಡ್ ಎಂದು ವರದಿಯಾಗಿತ್ತು. ಯಾರ ಪಾಲು ಮೊದಲು, ಯಾರದ್ದು ಕೊನೆಗೆ ಎಂಬುದನ್ನು ನಿಯಮ ಬರೆದವರೇ ನಿರ್ಧರಿಸುತ್ತಾರೆ ಎಂಬುದನ್ನು ಈ ದ್ವೀಪದ ಊರು ಇನ್ನೂರು ವರ್ಷಗಳ ಹಿಂದೆಯೇ ಕಂಡಿದೆ.

ಮದ್ಯದ ಹಣವೆಲ್ಲ ಸಮುದ್ರಕ್ಕೇ ಹೋಯಿತು ಎಂದಲ್ಲ. ಕೆಆರ್‌ಎಸ್ ಹಿನ್ನೀರಿನಲ್ಲಿ ಮುಳುಗಿದ್ದ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿಸಿದ್ದು ಇನ್ನೊಂದು ಮದ್ಯೋದ್ಯಮಿ ಮನೆತನದ ಖೋಡೆ ಪ್ರತಿಷ್ಠಾನ. ನೋಡಿ ಮೆಚ್ಚಬೇಕಾದ ಕೆಲಸ. ಆದರೆ ಸಿರಿವಂತರ ಔದಾರ್ಯ ಅವರವರ ಮನಸ್ಸಿಗೆ ಬಿಟ್ಟದ್ದು. ಕೂಲಿಯವನ, ರೈತನ ಬಾಕಿ ಯಾರ ಮನಸ್ಸಿಗೂ ಬಿಟ್ಟದ್ದಾಗಬಾರದು.

ನಾವಿಕರ ಬಲ ಎಲ್ಲಿಂದ ಬಂತು? ಕಡಲ ಕಾನೂನಿನ ಹಳೆಯ ತತ್ವವೊಂದರಿಂದ. ಹಡಗಿನಲ್ಲಿ ದುಡಿದವನ ಸಂಬಳ ಮಾಲೀಕನ ಮೇಲಿನ ಸಾಲ ಮಾತ್ರವಲ್ಲ, ಹಡಗಿನ ಮೇಲೆಯೇ ಅಂಟಿಕೊಂಡ ಹಕ್ಕು. ಮಾಲೀಕ ಬದಲಾದರೂ, ಹಡಗಿಗೆ ಹೊಸ ಹೆಸರಿಟ್ಟರೂ, ಅದು ಯಾವ ದೇಶದ ಬಾವುಟ ಹಾರಿಸಿದರೂ ಆ ಹಕ್ಕು ಜೊತೆಗೇ ತೇಲುತ್ತದೆ. ಭಾರತದ 2017ರ ನೌಕಾ ನ್ಯಾಯವ್ಯಾಪ್ತಿ ಕಾಯ್ದೆಯೂ ಇದನ್ನೇ ಹೇಳುತ್ತದೆ. ಅದರ ಒಂಬತ್ತನೇ ಸೆಕ್ಷನ್‌ನ ಪಟ್ಟಿಯಲ್ಲಿ ಮೊದಲ ಹೆಸರು ನಾವಿಕರ ಸಂಬಳದ್ದು. ಹಡಗನ್ನು ಅಡವಿಟ್ಟುಕೊಂಡ ಬ್ಯಾಂಕಿನ ಸರದಿ ಆ ಪಟ್ಟಿಯಲ್ಲಿದ್ದವರೆಲ್ಲರ ನಂತರ. ಈ ಕಾಯ್ದೆಯಡಿ ಅಧಿಕಾರ ಪಡೆದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಮಂಗಳೂರಿಗೆ ಬಂದ ಹಡಗಿನ ಅಡುಗೆಯವನೊಬ್ಬ ಸಂಬಳ ಸಿಗಲಿಲ್ಲವೆಂದು ಅರ್ಜಿ ಹಾಕಿದರೆ, ಸಾಲ ಕೊಟ್ಟ ಬ್ಯಾಂಕಿಗಿಂತ ಮುಂದೆ ಅವನನ್ನು ನಿಲ್ಲಿಸುವ ಶಕ್ತಿ ಬೆಂಗಳೂರಿನ ನ್ಯಾಯಾಲಯಕ್ಕಿದೆ.

ಈಗ ಪಾಂಡವಪುರಕ್ಕೆ ಬರಬೇಕು.

ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ ಸೀಮೆಯನ್ನು ಕಬ್ಬಿನ ನಾಡಾಗಿಸಿತು. 1933ರಲ್ಲಿ ಮಂಡ್ಯದ ಮೈಷುಗರ್ ಬಂತು, ಆಮೇಲೆ ಪಾಂಡವಪುರದ ಸಹಕಾರಿ ಕಾರ್ಖಾನೆ, ಕೆ.ಆರ್. ಪೇಟೆಯ ಮಾಕವಳ್ಳಿಯಲ್ಲೂ ಕಾರ್ಖಾನೆ ಎದ್ದಿತು. ನಾಗಮಂಗಲದ ಬಹುಪಾಲು ಒಣಭೂಮಿ ರಾಗಿ, ತೆಂಗಿಗೇ ಉಳಿದರೂ ನೀರಾವರಿ ಇರುವ ತಾಲ್ಲೂಕುಗಳ ಹಣದ ಓಡಾಟವೆಲ್ಲ ಕಬ್ಬು ಅರೆಯುವ ಹಂಗಾಮಿನ ಸುತ್ತ. ಮದುವೆ, ಶಾಲೆಯ ಶುಲ್ಕ, ಸಹಕಾರ ಸಂಘದ ಸಾಲದ ಕಂತು, ಎಲ್ಲಕ್ಕೂ ‘ಕಬ್ಬಿನ ದುಡ್ಡು ಬಂದ ಮೇಲೆ’ ಎಂಬುದೇ ವಾಯಿದೆ. ಕಬ್ಬಿನಿಂದ ಸಕ್ಕರೆಯ ಜೊತೆಗೆ ಕಾಕಂಬಿಯೂ ಬರುತ್ತದೆ. ಭಾರತದಲ್ಲಿ ಮಾರಾಟವಾಗುವ ರಮ್, ಅಗ್ಗದ ವಿಸ್ಕಿ, ಬ್ರಾಂಡಿಗಳಿಗೆಲ್ಲ ಬಹುಕಾಲ ಮೂಲದ್ರವ್ಯ ಒದಗಿಸಿದ್ದು ಈ ಕಾಕಂಬಿಯ ಮದ್ಯಸಾರವೇ. ಮದ್ಯದ ಸಾಮ್ರಾಜ್ಯಗಳ ತಳಪಾಯದಲ್ಲಿ ಕಬ್ಬಿನ ಗದ್ದೆ ಇದೆ. ಯಾಟ್‌ನ ಕಥೆ ಮಂಡ್ಯಕ್ಕೆ ಸಂಬಂಧವಿಲ್ಲದ ದೂರದ ಕಥೆಯಲ್ಲ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಕಾಗದದ ಮೇಲೆ ಇದಕ್ಕಿಂತ ಸ್ಪಷ್ಟವಾದ ನಿಯಮ ಬೇಕಿಲ್ಲ. ಆದರೂ ಬಾಕಿಗಾಗಿ ಧರಣಿ ಕೂರುವುದು ಮಂಡ್ಯದಲ್ಲಿ ಹಂಗಾಮಿನ ಭಾಗವೇ ಆಗಿಹೋಯಿತು. ಪಾಂಡವಪುರ ಕಾರ್ಖಾನೆ ನಷ್ಟದಲ್ಲಿ ಮುಳುಗಿ ಕೆಲವು ವರ್ಷ ಬಾಗಿಲು ಹಾಕಿತು. ರೈತರ ಜೊತೆ ಅದರ ಕಾರ್ಮಿಕರೂ ಬಾಕಿಗಾಗಿ ಅಲೆದರು. 2015ರಲ್ಲಿ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ದೇಶದ ಸುದ್ದಿಯಾದವು. ಈ ಬಾಕಿಯ ವಿರುದ್ಧ ದಶಕಗಳ ಕಾಲ ದನಿ ಎತ್ತಿದ ರೈತ ಸಂಘದ ನಾಯಕ, ಮೇಲುಕೋಟೆ ಶಾಸಕ ಕೆ.ಎಸ್. ಪುಟ್ಟಣ್ಣಯ್ಯ ತೀರಿಕೊಂಡದ್ದು 2018ರ ಫೆಬ್ರುವರಿ 18ರಂದು. ಮಾಲ್ಟಾದಲ್ಲಿ ನಾವಿಕರು ತಮ್ಮ ಹಡಗನ್ನು ಕಟ್ಟಿಹಾಕಿಸಿದ್ದು ಅದಾದ ಎರಡು-ಮೂರು ವಾರಕ್ಕೆ. ಪುಟ್ಟಣ್ಣಯ್ಯ ಜೀವನಪೂರ್ತಿ ಬೀದಿಯಲ್ಲಿ ಕೇಳಿದ್ದನ್ನು ಆ ನಾವಿಕರು ನ್ಯಾಯಾಲಯಕ್ಕೆ ಹೋಗಿ ಪಡೆದರು, ಏಕೆಂದರೆ ಅವರ ಕೈಯಲ್ಲಿ ಹಡಗು ಇತ್ತು.

ರೈತನ ಕೈಯಲ್ಲಿ ಏನಿದೆ? ಸಕ್ಕರೆ ಇದೆ ಎಂದುಕೊಳ್ಳಬಹುದು. ಆದರೆ ಗೋದಾಮಿನ ಸಕ್ಕರೆಯನ್ನು ಕಾರ್ಖಾನೆ ಬ್ಯಾಂಕಿಗೆ ಒತ್ತೆ ಇಟ್ಟಿರುತ್ತದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸಕ್ಕರೆ ಕಂಪನಿಯೊಂದರ ಪ್ರಕರಣದಲ್ಲಿ ಈ ಪ್ರಶ್ನೆ ನೇರವಾಗಿಯೇ ಎದ್ದಿತು. ಸಕ್ಕರೆ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಒತ್ತೆಯಲ್ಲಿತ್ತು. ಬೆಳೆಗಾರರ ಬಾಕಿಗಾಗಿ ಕಬ್ಬು ಆಯುಕ್ತರೂ ಸಂಬಳಕ್ಕಾಗಿ ಕಾರ್ಮಿಕರೂ ಅದರ ಮೇಲೆ ಹಕ್ಕು ಹೇಳಿದರು. 2007ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು: ಒತ್ತೆ ಹಿಡಿದ ಬ್ಯಾಂಕಿನ ಹಕ್ಕು ಮುಂದು, ರೈತರದ್ದೂ ಕಾರ್ಮಿಕರದ್ದೂ ಹಿಂದೆ. ಇದ್ದ ಕಾನೂನನ್ನು ನ್ಯಾಯಾಲಯ ಓದಿದ ರೀತಿ ಅದು. ಹಾಗಾದರೆ ಬದಲಾಗಬೇಕಾದದ್ದು ಕಾನೂನೇ.

ಕಬ್ಬಿನ ರಾಜಕಾರಣ ಇದುವರೆಗೆ ದರದ ಸುತ್ತಲೇ ಸುತ್ತಿದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ರಸ್ತೆಗಿಳಿದದ್ದೂ ಟನ್ನಿಗೆ 3,500 ರೂಪಾಯಿ ಬೇಕೆಂದು. ಸರ್ಕಾರ 3,300ಕ್ಕೆ ಒಪ್ಪಿಸಿತು. ದರ ಮುಖ್ಯವೇ. ಆದರೆ ಕಾರ್ಖಾನೆ ಮುಳುಗುವ ದಿನ ದರ ಎಷ್ಟೆಂಬುದಕ್ಕಿಂತ ಸರದಿಯಲ್ಲಿ ರೈತ ಎಷ್ಟನೆಯವನು ಎಂಬುದೇ ಅವನ ಮನೆಯನ್ನು ಉಳಿಸುವುದು ಅಥವಾ ಕೆಡಿಸುವುದು. ಆ ಸರದಿಯ ಬಗ್ಗೆ ವಿಧಾನಸಭೆಯಲ್ಲೂ ಹೋರಾಟದ ವೇದಿಕೆಗಳಲ್ಲೂ ಮಾತು ತೀರಾ ಕಡಿಮೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹುರುಳಿಲ್ಲದ್ದಲ್ಲ. ನಾವಿಕ ಕೂಲಿಗಾರ, ರೈತ ಮಾರಾಟಗಾರ. ಹಡಗಿಗೆ ಅಕ್ಕಿ-ಬೇಳೆ ಮಾರಿದ ವ್ಯಾಪಾರಿಗೆ ನಾವಿಕನ ಹಕ್ಕು ಸಿಗುವುದಿಲ್ಲವಲ್ಲ? ನಿಜ, ಭಾರತದ ಕಾಯ್ದೆಯಲ್ಲೂ ಸಿಗುವುದಿಲ್ಲ. ಆದರೆ ಕಬ್ಬು ಬೆಳೆಗಾರ ಆ ವ್ಯಾಪಾರಿಯಂತೆ ಸ್ವತಂತ್ರನಲ್ಲ. ಯಾವ ಊರಿನ ಕಬ್ಬು ಯಾವ ಕಾರ್ಖಾನೆಗೆ ಎಂಬುದನ್ನು ಸರ್ಕಾರ ಗೊತ್ತುಮಾಡಬಹುದು. ಕನಿಷ್ಠ ಬೆಲೆ ಗೊತ್ತುಮಾಡುವುದೂ ಸರ್ಕಾರ. ಕಟಾವಿನ ದಿನ ಕಾರ್ಖಾನೆಯ ಕೈಯಲ್ಲಿದೆ. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುವುದರಿಂದ ಬೆಲೆ ಬರಲೆಂದು ಮನೆಯಲ್ಲಿಟ್ಟು ಕಾಯುವಂತಿಲ್ಲ. ಆಲೆಮನೆಯ ದಾರಿ ಇದೆಯಾದರೂ ಬೆಲ್ಲದ ಬೆಲೆ ಬಿದ್ದ ವರ್ಷ ಅದೂ ಕೈಕೊಡುತ್ತದೆ. ಹದಿನೆಂಟು ತಿಂಗಳವರೆಗೂ ಹೊಲದಲ್ಲಿ ದುಡಿದು, ಬೇರೆಯವರು ಹೇಳಿದ ದಿನ, ಹೇಳಿದ ಬೆಲೆಗೆ, ಹೇಳಿದ ಜಾಗಕ್ಕೆ ಬೆಳೆ ಒಪ್ಪಿಸುವವನು ವ್ಯಾಪಾರಿಗಿಂತ ನಾವಿಕನಿಗೇ ಹತ್ತಿರ.

ಬ್ಯಾಂಕುಗಳು ಹೇಳುವುದು ಇನ್ನೊಂದು: ರೈತನನ್ನು ಮುಂದೆ ನಿಲ್ಲಿಸಿದರೆ ಕಾರ್ಖಾನೆಗೆ ಸಾಲ ಕೊಡುವವರೇ ಇರುವುದಿಲ್ಲ. ಹಡಗಿನ ಜಗತ್ತು ಇದಕ್ಕೆ ಆಗಲೇ ಉತ್ತರ ಕೊಟ್ಟಿದೆ. ಸಂಬಳವೇ ಮೊದಲು ಎಂಬ ನಿಯಮ ಇದ್ದರೂ ಹಡಗುಗಳಿಗೆ ಸಾಲ ಸಿಗುತ್ತಲೇ ಇದೆ. ಬಾಕಿ ಬೆಳೆದಷ್ಟೂ ತನ್ನ ಭದ್ರತೆ ಕರಗುತ್ತದೆಂದು ಬ್ಯಾಂಕಿಗೆ ಗೊತ್ತು, ಹಾಗಾಗಿ ಸಿಬ್ಬಂದಿಗೆ ಸಂಬಳ ಹೋಗುತ್ತಿದೆಯೇ ಎಂದು ಬ್ಯಾಂಕೇ ವಿಚಾರಿಸುತ್ತದೆ. ಇಂದು ಸಕ್ಕರೆ ಕಾರ್ಖಾನೆಗೆ ಸಾಲ ಕೊಟ್ಟ ಬ್ಯಾಂಕಿಗೆ ರೈತರ ಬಾಕಿ ಬೆಳೆದರೂ ನಷ್ಟವಿಲ್ಲ, ಹಾಗಾಗಿ ಅದು ವಿಚಾರಿಸುವುದಿಲ್ಲ. ಸರದಿ ಬದಲಿಸಿದರೆ ಬ್ಯಾಂಕ್ ಮ್ಯಾನೇಜರೇ ರೈತರ ಕಾವಲುಗಾರರಾಗುತ್ತಾರೆ.

ಹಡಗಿನ ಜಗತ್ತಿನಿಂದ ತೆಗೆದುಕೊಳ್ಳಬಹುದಾದ ಇನ್ನೊಂದು ವಿಷಯ ವಿಮೆ. 2006ರ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದಕ್ಕೆ ಬಂದ ತಿದ್ದುಪಡಿಯಂತೆ, ನಾವಿಕರನ್ನು ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಸಂಬಳಕ್ಕೆ ಹಡಗಿನವರು ಮೊದಲೇ ಆರ್ಥಿಕ ಭದ್ರತೆ ತೋರಿಸಬೇಕು. ಆ ಪತ್ರ ಹಡಗಿನಲ್ಲೇ ಎಲ್ಲರಿಗೂ ಕಾಣುವಂತಿರಬೇಕು. ಇಂಡಿಯನ್ ಎಂಪ್ರೆಸ್ ಸಿಬ್ಬಂದಿಗೆ ಹರಾಜಿಗೂ ಮೊದಲೇ ಹಣ ಸಿಕ್ಕಿದ್ದು ಇದರಿಂದ. ಭಾರತವೂ ಈ ಒಪ್ಪಂದವನ್ನು ಅನುಮೋದಿಸಿದ ದೇಶ. ಕಬ್ಬು ಅರೆಯಲು ಅನುಮತಿ ಕೊಡುವ ಮೊದಲು ಕಾರ್ಖಾನೆಯಿಂದ ಕೆಲವು ವಾರಗಳ ಕಬ್ಬಿನ ಬೆಲೆಗೆ ಬ್ಯಾಂಕ್ ಖಾತರಿ ಅಥವಾ ವಿಮೆ ಕೇಳಿದರೆ ಅದು ಹೊಸ ಆವಿಷ್ಕಾರವೇನಲ್ಲ. ಸಕ್ಕರೆ ಮಾರಿದ ಹಣದ ದೊಡ್ಡ ಪಾಲನ್ನು ಪ್ರತ್ಯೇಕ ಖಾತೆಗೆ ಹಾಕಿಸಿ ಅಲ್ಲಿಂದ ಬೆಳೆಗಾರರಿಗೆ ಸಲ್ಲಿಸುವ ಏರ್ಪಾಡನ್ನು ಉತ್ತರ ಪ್ರದೇಶ ಮಾಡಿಕೊಂಡಿದೆ.

ಕರ್ನಾಟಕದಲ್ಲಿ ಇದನ್ನು ಶುರುಮಾಡಲು ಪಾಂಡವಪುರಕ್ಕಿಂತ ಒಳ್ಳೆಯ ಜಾಗ ಸಿಗದು. 2020ರಲ್ಲಿ ಆ ಸಹಕಾರಿ ಕಾರ್ಖಾನೆಯನ್ನು ಸರ್ಕಾರ 40 ವರ್ಷಕ್ಕೆ ನಿರಾಣಿ ಷುಗರ್ಸ್‌ಗೆ ಗುತ್ತಿಗೆಗೆ ಕೊಟ್ಟಿದೆ. ಅಂದರೆ 2060ರವರೆಗೆ ಸುತ್ತಲಿನ ಎರಡು ತಲೆಮಾರಿನ ರೈತರ ಕಬ್ಬು ಆ ಕರಾರಿನ ನೆರಳಿನಲ್ಲೇ ಸಾಗಬೇಕು. ಆ ಕರಾರನ್ನೂ, ಸರ್ಕಾರ ಮುಂದೆ ಗುತ್ತಿಗೆಗೆ ಕೊಡುವ ಪ್ರತಿ ಸಹಕಾರಿ ಕಾರ್ಖಾನೆಯ ಕರಾರನ್ನೂ ಸಾರ್ವಜನಿಕರ ಮುಂದಿಡಬೇಕು. ಸಕ್ಕರೆ, ಕಾಕಂಬಿ, ಎಥೆನಾಲ್, ವಿದ್ಯುತ್ ಮಾರಿದ ಹಣದಲ್ಲಿ 14 ದಿನದೊಳಗಿನ ಕಬ್ಬಿನ ಬೆಲೆಯೂ ಕಾರ್ಮಿಕರ ಸಂಬಳವೂ ಬ್ಯಾಂಕಿನ ಕಂತಿಗಿಂತ ಮೊದಲು ಎಂಬ ಸಾಲು ಅದರಲ್ಲಿ ಇರಬೇಕು, ಇಲ್ಲದಿದ್ದರೆ ಸೇರಿಸಬೇಕು. ಸಿರುಗುಪ್ಪ ತೀರ್ಪು ತೋರಿಸಿದ ಕೊರತೆಯನ್ನು ತುಂಬುವ ತಿದ್ದುಪಡಿ ವಿಧಾನಮಂಡಲಕ್ಕೆ ಬರಬೇಕು, ಸಂಸತ್ತಿನಿಂದ ಆಗಬೇಕಾದ ಭಾಗವನ್ನು ರಾಜ್ಯದ ಸಂಸದರು ದೆಹಲಿಯಲ್ಲಿ ಕೇಳಬೇಕು. ಮಂಡ್ಯದಿಂದ ಆಯ್ಕೆಯಾದ ಯಾವ ಪಕ್ಷದ ಪ್ರತಿನಿಧಿಗೂ ಇದನ್ನು ಮಂಡಿಸಲು ಅಡ್ಡಿ ಇಲ್ಲ, ಮುಂದಿನ ಅಧಿವೇಶನದಲ್ಲೇ ಮಂಡಿಸಬಹುದು.