ಸ್ಥಾಲೀಪುಲಾಕ ನ್ಯಾಯವೂ ಹಡಗಿನ ಧಾನ್ಯವೂ

ಶಾಸ್ತ್ರಕಾರರು ದೃಷ್ಟಾಂತಕ್ಕೆಂದು ಬಳಸುವ ಲೌಕಿಕ ನ್ಯಾಯಗಳಲ್ಲಿ ಸ್ಥಾಲೀಪುಲಾಕ ನ್ಯಾಯವು ಸುಪ್ರಸಿದ್ಧವಾದುದು. ಬೇಯುತ್ತಿರುವ ಅನ್ನದ ಒಂದಗುಳನ್ನು ಬೆರಳಿನಿಂದ ಹಿಸುಕಿ ನೋಡಿ, ಪಾತ್ರೆಯ ಅನ್ನವೆಲ್ಲವೂ ಬೆಂದಿತೆಂದು ನಿರ್ಣಯಿಸುವುದೇ ಆ ನ್ಯಾಯ. ಅಡುಗೆಮನೆಯ ತಾಯಂದಿರಿಗೆ ಇದನ್ನು ಯಾವ ಪಂಡಿತನೂ ಕಲಿಸಬೇಕಾದುದಿಲ್ಲ. ಆದರೆ ಈ ನ್ಯಾಯದ ಗರ್ಭದಲ್ಲಿ ಅನುಕ್ತವಾದ ಒಂದು ನಿಬಂಧನೆಯಿದೆ: ಅಕ್ಕಿ ಒಂದೇ, ನೀರು ಒಂದೇ, ಉರಿಯೂ ಒಂದೇ ಆಗಿರಬೇಕು. ಹತ್ತು ಹೊಲಗಳಲ್ಲಿ ಬೆಳೆದು, ಹತ್ತು ಉಗ್ರಾಣಗಳಲ್ಲಿ ಕುಳಿತು, ಒಂದೇ ಹಡಗಿನಲ್ಲಿ ಬಂದಿಳಿಯುವ ಸಾವಿರಾರು ಟನ್ನು ಧಾನ್ಯಕ್ಕೆ ಆ ನಿಬಂಧನೆ ಸಲ್ಲುವುದಿಲ್ಲ. ವಿದೇಶದಿಂದ ಬರುವ ಆಹಾರದ ಪರೀಕ್ಷೆಯ ತೊಡಕು ಆರಂಭವಾಗುವುದೇ ಇಲ್ಲಿಂದ.

ವಿದೇಶೀ ಆಹಾರವೆಂದೊಡನೆ ನಗರದ ಅಂಗಡಿಯ ಚಾಕೊಲೇಟು, ಚೀಸುಗಳು ಕಣ್ಮುಂದೆ ಬರುವುದು ಸಹಜ. ವಸ್ತುಸ್ಥಿತಿ ಬೇರೆ. ಭಾರತವು ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗಿನದು. ಇಂಡೋನೇಷ್ಯಾ, ಮಲೇಷ್ಯಾಗಳಿಂದ ತಾಳೆಯೆಣ್ಣೆ, ರಷ್ಯಾ, ಉಕ್ರೇನುಗಳಿಂದ ಸೂರ್ಯಕಾಂತಿ ಎಣ್ಣೆ ಬರುತ್ತವೆ. ಮಂಗಳೂರಿನ ಗೇರು ಕಾರ್ಖಾನೆಗಳಿಗೆ ಬೇಕಾದ ಹಸಿ ಗೇರುಬೀಜದ ಬಹುಪಾಲು ಆಫ್ರಿಕಾದಿಂದ. ತೊಗರಿಯ ಕಣಜವೆನಿಸಿದ ಕಲಬುರಗಿ ಇದೇ ನಾಡಿನಲ್ಲಿದ್ದರೂ ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರುಗಳ ತೊಗರಿ ಪೇಟೆಗೆ ಬರುವುದು ತಪ್ಪಿಲ್ಲ. ಹೀಗಾಗಿ ಹಳ್ಳಿಯ ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿ ಕುಳಿತ ಬಾಲಕನ ತಟ್ಟೆಯೂ ಬಂದರುಕಟ್ಟೆಯ ಪರೀಕ್ಷಕನ ನಿಷ್ಠೆಯನ್ನು ಅವಲಂಬಿಸಿದೆ. ಇದು ಶ್ರೀಮಂತರ ವಿಲಾಸದ ಪ್ರಶ್ನೆಯೆಂದು ಬದಿಗೆ ಸರಿಸುವವರು ತಮ್ಮ ಉಗ್ರಾಣದ ಎಣ್ಣೆಯ ಡಬ್ಬಿಯನ್ನೊಮ್ಮೆ ತಿರುಗಿಸಿ ನೋಡುವುದು ಒಳಿತು.

ಕಣ್ಣಿಗೆ ಕಾಣದ ದೋಷವೆಷ್ಟು ಘೋರವೆಂಬುದಕ್ಕೆ 1960ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಘಟನೆ ನಿದರ್ಶನ. ಅಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಶೋಧಿಸಿದಾಗ ದೋಷವು ಬ್ರೆಜಿಲಿನಿಂದ ಆಮದಾದ ಕಡಲೆಕಾಯಿ ಹಿಂಡಿಯಲ್ಲಿ ಕಂಡುಬಂದಿತು. ಅದರಲ್ಲಿ ಬೆಳೆದ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಯಕೃತ್ತಿನಲ್ಲಿ ಅರ್ಬುದರೋಗವನ್ನು ಉಂಟುಮಾಡಬಲ್ಲ ಈ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಸಾಮಾನ್ಯ ಪಾಕದ ಬಿಸಿಗೆ ಅದು ಪೂರ್ತಿಯಾಗಿ ನಾಶವಾಗುವುದೂ ಇಲ್ಲ. ಯೂರೋಪಿನ ಒಕ್ಕೂಟವು ನೇರವಾಗಿ ತಿನ್ನುವ ಕಡಲೆಕಾಯಿಗೆ ವಿಧಿಸಿರುವ ಮಿತಿ ಒಂದು ಕಿಲೋಗ್ರಾಮಿಗೆ ಕೇವಲ 4 ಮೈಕ್ರೋಗ್ರಾಮು. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ವಿಷವು ರಾಶಿಯಲ್ಲಿ ಸಮನಾಗಿ ಹರಡಿಕೊಂಡಿರುವುದಿಲ್ಲ. ಒದ್ದೆಯಾದ ಒಂದು ಮೂಲೆಯ ಕೆಲವೇ ಕಾಳುಗಳಲ್ಲಿ ಅದು ತುಂಬಿಕೊಂಡಿದ್ದು, ಉಳಿದ ಚೀಲಗಳೆಲ್ಲ ನಿರ್ದುಷ್ಟವಾಗಿರಬಹುದು. ಆದುದರಿಂದಲೇ ಬಲ್ಲ ಪರೀಕ್ಷಕನು ಒಂದು ಚೀಲದ ಬಾಯಿಂದ ಹಿಡಿಕಾಳು ತೆಗೆಯದೆ, ರಾಶಿಯ ಹಲವು ಕಡೆಗಳಿಂದ, ಮೇಲಿನಿಂದಲೂ ತಳದಿಂದಲೂ ಮಾದರಿಗಳನ್ನು ಎತ್ತಿ, ಬೆರೆಸಿ, ಪುಡಿಮಾಡಿ, ಅದರೊಳಗಿಂದ ಪರೀಕ್ಷೆಗೆ ಬೇಕಾದಷ್ಟನ್ನು ಆರಿಸುತ್ತಾನೆ. ಯಂತ್ರವು ಎಷ್ಟೇ ಸೂಕ್ಷ್ಮವಾಗಿರಲಿ, ಮಾದರಿ ಎತ್ತಿದ ಕೈ ಅಜಾಗರೂಕವಾಗಿದ್ದರೆ ಫಲಿತಾಂಶವು ಸುಳ್ಳೇ.

ಇದು ಪ್ರಕೃತಿಯ ದೋಷವಾಯಿತು. ಮನುಷ್ಯನ ವಂಚನೆ ಇನ್ನೂ ಸೂಕ್ಷ್ಮ. 2008ರಲ್ಲಿ ಚೀನಾದಲ್ಲಿ ನೀರು ಬೆರೆತ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕವನ್ನು ಕೂಡಿಸಿದರು. ಹಾಲಿನ ಸಸಾರಜನಕವನ್ನು ಅಳೆಯುವ ರೂಢಿಯ ಪರೀಕ್ಷೆಯು ಅದರಲ್ಲಿರುವ ನೈಟ್ರೋಜನ್ನಿನ ಪ್ರಮಾಣವನ್ನಷ್ಟೇ ಎಣಿಸುತ್ತದೆ. ಮೆಲಮೈನಿನಲ್ಲಿ ನೈಟ್ರೋಜನ್ ಹೇರಳ. ಅಂದರೆ ವಂಚಕರು ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ, ಪರೀಕ್ಷೆಯನ್ನೇ ತಮ್ಮ ಆಯುಧವಾಗಿ ಮಾಡಿಕೊಂಡರು. ಸುಮಾರು ಮೂರು ಲಕ್ಷ ಶಿಶುಗಳು ಮೂತ್ರಪಿಂಡದ ಬಾಧೆಗೆ ತುತ್ತಾದವು. ಆರು ಶಿಶುಗಳು ಮೃತಪಟ್ಟವು. ಭಾರತವು ಅದೇ ವರ್ಷ ಚೀನಾದ ಹಾಲಿನ ಪದಾರ್ಥಗಳ ಆಮದನ್ನು ನಿಷೇಧಿಸಿ ಮತ್ತೆ ಮತ್ತೆ ನಿಷೇಧವನ್ನು ಮುಂದುವರಿಸಿತು. 2019ರಲ್ಲಿ ಹೊರಟ ಆದೇಶದ ಒಕ್ಕಣೆ ಗಮನಾರ್ಹವಾದುದು: ಬಂದರುಗಳ ಪ್ರಯೋಗಾಲಯಗಳು ಮೆಲಮೈನನ್ನು ಪತ್ತೆಹಚ್ಚಲು ಸಮರ್ಥವಾಗುವವರೆಗೆ ನಿಷೇಧವಿರತಕ್ಕದ್ದು! ಅನರ್ಥವಾಗಿ ಹತ್ತು ವರ್ಷಗಳು ಕಳೆದ ಮೇಲೂ ಬಾಗಿಲನ್ನು ಮುಚ್ಚಿಡಲು ಕಾರಣವಾದುದು ಬಾಗಿಲಲ್ಲಿ ನಿಂತು ನೋಡುವ ಕಣ್ಣಿನ ಕೊರತೆ. ನಿಷೇಧವು ಯುಕ್ತವೇ, ಆದರೆ ಅದು ಪ್ರಯೋಗಾಲಯದ ಸ್ಥಾನವನ್ನು ತುಂಬಲಾರದು.

ಹಾಗೆಂದು ಹೊರಗಿನದೆಲ್ಲವೂ ವಿಷವೆಂಬ ಕೂಗನ್ನು ಒಪ್ಪಲಾಗದು. 1986ರ ಚೆರ್ನೋಬಿಲ್ ದುರಂತದ ತರುವಾಯ ಐರ್ಲೆಂಡಿನಿಂದ ಬಂದ ಬೆಣ್ಣೆಯಲ್ಲಿ ವಿಕಿರಣದ ಅಂಶವಿದೆಯೆಂದು ಮುಂಬಯಿಯಲ್ಲಿ ದೊಡ್ಡ ಗುಲ್ಲೆದ್ದಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ನ್ಯಾಯಾಲಯವು ಭಯಕ್ಕೂ ಮಣಿಯದೆ, ಅಧಿಕಾರಿಗಳ ಭರವಸೆಯನ್ನೂ ಹಾಗೆಯೇ ನುಂಗದೆ, ತಜ್ಞರ ಸಮಿತಿಯೊಂದನ್ನು ನೇಮಿಸಿ ಅದರ ಅಭಿಪ್ರಾಯವನ್ನು ಪಡೆಯಿತು; ಬೆಣ್ಣೆಯು ನಿಗದಿಯಾದ ಮಿತಿಯೊಳಗಿದ್ದು ನಿರಪಾಯವೆಂದು 1988ರಲ್ಲಿ ತೀರ್ಪಿತ್ತಿತು. ಅಳತೆಯಿಂದ ಭಯ ಹೋಗುವ ಬಗೆಯಿದು.

ಈಗಿನ ವ್ಯವಸ್ಥೆಯು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯನ್ನೂ 2017ರ ಆಮದು ನಿಯಮಗಳನ್ನೂ ಆಧರಿಸಿದೆ. ಕಾಗದಪತ್ರಗಳ ಪರಿಶೀಲನೆ, ಸರಕಿನ ಪ್ರತ್ಯಕ್ಷ ದರ್ಶನ, ಬಳಿಕ ಮಾದರಿಯ ವಿಶ್ಲೇಷಣೆ ಎಂಬುದು ಕ್ರಮ. ಮಾದರಿಯನ್ನು ಎರಡು ಪಾಲು ಮಾಡಿ ಒಂದನ್ನು ಕಾದಿರಿಸುವುದು, ತಕರಾರೆದ್ದರೆ ನಿರ್ದೇಶನ ಪ್ರಯೋಗಾಲಯಕ್ಕೆ ಕಳುಹಿಸುವುದಕ್ಕಾಗಿ. ಅಂಥ ನಿರ್ದೇಶನ ಪ್ರಯೋಗಾಲಯಗಳಲ್ಲಿ 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೂ ಒಂದೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಬಂದ ಸರಕನ್ನೆಲ್ಲ ಪರೀಕ್ಷಿಸದೆ ಅಪಾಯದ ಅಂದಾಜಿನ ಮೇಲೆ ಆರಿಸಿಕೊಳ್ಳುವ ಪದ್ಧತಿಯನ್ನು ಕೆಲವರು ಹಳಿಯುತ್ತಾರೆ. ಎಲ್ಲವನ್ನೂ ತಡೆದರೆ ಬಂದರಿನಲ್ಲಿಯೇ ಹಣ್ಣು ಕೊಳೆಯುವುದು. ಆ ಹಳಿತವು ಸಾಧುವಲ್ಲ. ಅಂದಾಜು ಮಾಡುವವನ ಕೈಯಲ್ಲಿ ಹಿಂದಿನ ತಿರಸ್ಕಾರಗಳ ಲೆಕ್ಕ ಸರಿಯಾಗಿರಬೇಕು, ಅಷ್ಟೇ.

ಪರರ ಸರಕನ್ನು ಅಳೆಯುವವರು ತಮ್ಮದನ್ನೂ ಅದೇ ಕೋಲಿನಿಂದ ಅಳೆಯಬೇಕಾದುದು ಧರ್ಮ. 2020ರಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡಿನ ಶೇಷವಿದೆಯೆಂದು ಯೂರೋಪು ತಕರಾರೆತ್ತಿತು. 2024ರಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳು ಇಲ್ಲಿಯ ಕೆಲವು ಮಸಾಲೆಪುಡಿಗಳ ಮಾರಾಟವನ್ನು ತಡೆದವು. ರಫ್ತಿನ ಚೀಲಕ್ಕೆ ಒಂದು ಎಚ್ಚರ, ಸಂತೆಯ ಚೀಲಕ್ಕೆ ಇನ್ನೊಂದು ಎಂಬ ಭೇದವು ಸ್ವಜನದ್ರೋಹವೆನಿಸುತ್ತದೆ.

ಇನ್ನು ಭಾಷೆಯ ಮಾತು. ಪೊಟ್ಟಣದ ಮೇಲಿನ ವಿವರಗಳು ಇಂಗ್ಲಿಷಿನಲ್ಲಾಗಲಿ ದೇವನಾಗರಿಯ ಹಿಂದಿಯಲ್ಲಾಗಲಿ ಇದ್ದರೆ ನಿಯಮಕ್ಕೆ ತೃಪ್ತಿ. ಉಗ್ರಾಣ ನೋಡಿಕೊಳ್ಳುವ, ಅಡುಗೆ ಮಾಡುವ, ಚಿಲ್ಲರೆ ಅಂಗಡಿ ನಡೆಸುವ ಕನ್ನಡಿಗನಿಗೆ ಬಳಕೆಯ ಅವಧಿ ಮುಗಿದ ದಿನಾಂಕವೂ, ಕಡಲೆಕಾಯಿ ಬೆರೆತಿದೆಯೆಂಬ ಎಚ್ಚರಿಕೆಯೂ ಓದಲು ಬಾರದ ಚಿತ್ರಗಳಾಗುತ್ತವೆ. ಬಂದರಿನಲ್ಲಿ ನಡೆದ ಪರೀಕ್ಷೆಯ ಕೊನೆಯ ಕೊಂಡಿ ಈ ಓದು. ಅದು ಕಳಚಿದರೆ ಹಿಂದಿನ ಶ್ರಮವೆಲ್ಲ ಅರ್ಧಕ್ಕೆ ನಿಂತಂತೆ. ಪರಿಹಾರ ದೂರವಿಲ್ಲ. ಆಮದುದಾರನ ಹೆಸರು, ವಿಳಾಸ, ಪರವಾನಗಿ ಸಂಖ್ಯೆಗಳನ್ನು ಸುಂಕದ ಉಗ್ರಾಣದಲ್ಲಿಯೇ ಚೀಟಿಯಾಗಿ ಅಂಟಿಸಲು ಇಂದಿಗೂ ಅವಕಾಶವಿದೆ. ಕರ್ನಾಟಕಕ್ಕೆ ಬರುವ ಸರಕಿನ ಆ ಚೀಟಿಯಲ್ಲಿ ಪದಾರ್ಥದ ಹೆಸರು, ಬಳಕೆಯ ಕೊನೆಯ ದಿನಾಂಕ, ಎಚ್ಚರಿಕೆ ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ ಅಚ್ಚಿಸುವಂತೆ ರಾಜ್ಯವು ಕೇಂದ್ರವನ್ನು ಒತ್ತಾಯಿಸಬೇಕು. ಅಲ್ಲಿಯವರೆಗೆ ಶಾಲೆಗಳ ವಿಜ್ಞಾನದ ಉಪಾಧ್ಯಾಯರು ವಿದ್ಯಾರ್ಥಿನಿಲಯದ ಉಗ್ರಾಣಕ್ಕೆ ಮಕ್ಕಳನ್ನು ಕರೆದೊಯ್ದು ಪ್ರತಿ ಡಬ್ಬಿಯ ಬೆನ್ನನ್ನು ಓದಿಸಬಹುದು.